ಎಲ್ಲರಿಗೂ ಹಾಳೆ ತಟ್ಟೆ

ನಾನು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಇಂಗ್ಲಿಷ್ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಬ್ಯಾಂಕಿನ ಪತ್ರದಿಂದ ಹಿಡಿದು ಔಷಧಿ ಡಬ್ಬಿಯ ಮೇಲಿನ ಚೀಟಿಯವರೆಗೆ ಎಲ್ಲವನ್ನೂ ಓದಿ ಹೇಳುವ ಕೆಲಸ ನನ್ನ ತಲೆಗೇ ಬರುತ್ತದೆ. ಬೇಡ ಅನ್ನುವುದಕ್ಕೆ ನನಗೆ ಬರುವುದಿಲ್ಲ; ಒಪ್ಪಿಕೊಂಡ ಮೇಲೆ ಗೊಣಗುವುದು ಮಾತ್ರ ಚೆನ್ನಾಗಿ ಬರುತ್ತದೆ. ಹೋದ ಅವರೆಕಾಯಿ ಕಾಲದಲ್ಲಿ ಹೊರದೇಶದಿಂದ ಬಂದ ಒಬ್ಬರಿಗೆ ನಾಲ್ಕು ದಿನ ದುಭಾಷಿಯಾಗು ಅಂದಾಗಲೂ ಹಾಗೇ ಒಪ್ಪಿಕೊಂಡೆ. ಅದಾಗಿ ತಿಂಗಳುಗಳೇ ಕಳೆದವು. ಈಗ ದಿನಕ್ಕೆ ಹತ್ತು ಸಲ ಫೋನ್ ತೆಗೆದು, ಮೊನ್ನೆ ಬರೆದದ್ದಕ್ಕೆ ಅವರಿಂದ ಉತ್ತರ ಬಂತಾ ಅಂತ ನೋಡುತ್ತೇನೆ. ಬಂದಿಲ್ಲ ಅಂತ ಗೊತ್ತಾದ ಮೇಲೂ ಇನ್ನೊಮ್ಮೆ ನೋಡುತ್ತೇನೆ.

ಆ ಕೆಲಸಕ್ಕೆ ನನ್ನನ್ನು ಒಪ್ಪಿಸಿದವಳು ನನ್ನ ಗೆಳತಿ. ಅದೇ ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುತ್ತಾಳೆ. ಎಂಟು ವರ್ಷದಿಂದ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಮಧ್ಯಾಹ್ನ ಅವಳ ಡಬ್ಬಿ ನಾನು ತೆಗೆಯುತ್ತಿದ್ದೆ, ನನ್ನ ಡಬ್ಬಿ ಅವಳು ತೆಗೆಯುತ್ತಿದ್ದಳು. ಅವಳ ತಂದೆ ಬೌದ್ಧ ಧಮ್ಮ ತೆಗೆದುಕೊಂಡು ಮಕ್ಕಳನ್ನೆಲ್ಲ ಓದಿಸಿದವರು. ಅವಳ ತಾತ ನಮ್ಮಂಥವರ ಹೊಲದಲ್ಲಿ ಜೀತಕ್ಕಿದ್ದರಂತೆ. ಇದನ್ನು ಅವಳೇ ಒಂದು ಸಲ ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತಾ ಹೇಳಿದ್ದಳು. ನಾವು ಅಂಬಾಜಿದುರ್ಗದ ಕೆಳಗಿನ ಹಳ್ಳಿಯವರು, ತಲೆತಲಾಂತರದಿಂದ ಜಮೀನಿರುವವರು. ಚಿಂತಾಮಣಿಯ ನನ್ನ ಬಾಡಿಗೆ ಮನೆಗೆ ಅವಳು ಹೊತ್ತು ಗೊತ್ತಿಲ್ಲದೆ ಬರುತ್ತಾಳೆ. ಅವಳ ಮನೆಯಲ್ಲಿ ನಾನು ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಹಳ್ಳಿಯ ಮನೆಗೆ ಮಾತ್ರ ಅವಳನ್ನು ಒಮ್ಮೆಯೂ ಕರೆದಿರಲಿಲ್ಲ. ಪ್ರತಿ ಹಬ್ಬಕ್ಕೂ ಏನಾದರೊಂದು ನೆಪ ಹುಡುಕುತ್ತಿದ್ದೆ. ಅವಳೂ ಕೇಳುತ್ತಿರಲಿಲ್ಲ. ಕೇಳದೇ ಇರುವುದು ಅವಳ ದೊಡ್ಡತನ ಅಂದುಕೊಂಡು ನಾನು ಹಾಯಾಗಿದ್ದೆ.

ಹೊರದೇಶದಿಂದ ಬಂದವರು ಕಪ್ಪು ಹೆಂಗಸು, ನಲವತ್ತರ ಆಸುಪಾಸಿನವರು, ಅವರ ದೇಶದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು. ಗೆಳತಿ ತನ್ನ ತಾತನ ಜೀತದ ಬಗ್ಗೆ ಮಾತಾಡಿದ್ದ ಯಾವುದೋ ಆನ್‌ಲೈನ್ ಸೆಮಿನಾರಿನಲ್ಲಿ ಅವಳಿಗೆ ಪರಿಚಯವಾಗಿದ್ದರು. ತಮ್ಮ ದೇಶದಲ್ಲಿ ಬಣ್ಣ ನೋಡಿ ಜನರನ್ನು ನಡೆಸಿಕೊಳ್ಳುವ ರೀತಿಯನ್ನು ದೂರದ ಊರುಗಳವರು ಹೇಗೆ ನೋಡುತ್ತಾರೆ ಅನ್ನುವುದು ಅವರ ಅಧ್ಯಯನ. ದೊಡ್ಡ ನಗರದವರು ಪೇಪರಿನಲ್ಲಿ ಓದಿದ್ದನ್ನೇ ಒಪ್ಪಿಸುತ್ತಾರೆ, ಅದಕ್ಕೆ ಸಣ್ಣ ಊರುಗಳು ಬೇಕು ಅಂದಿದ್ದರು. ಭೇಟಿ ಗೊತ್ತುಮಾಡುವುದು, ರೆಕಾರ್ಡಿಂಗ್ ನೋಡಿಕೊಳ್ಳುವುದು ಗೆಳತಿಯ ಪಾಲು. ಅವಳಿಗೂ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೆ ಎರಡೂ ಕೆಲಸ ಒಬ್ಬರಿಂದ ಆಗದು ಅಂತ ಮಾತಿನ ಕೆಲಸ ನನಗೆ ಬಂತು.

ಮೊದಲ ದಿನ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ನಾನು ಸುಳ್ಳು ಶುರುಮಾಡಿದೆ. ಹೂ ಕಟ್ಟುತ್ತಿದ್ದ ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿ ಪಕ್ಕದವಳಿಗೆ, "ಪಾಪ ಕಣೇ, ಇನ್ನೊಂಚೂರು ಬಣ್ಣ ಇದ್ದಿದ್ರೆ ಎಷ್ಟು ಲಕ್ಷಣವಾಗಿರ್ತಿದ್ಲು," ಅಂದಳು. ಏನಂದರು ಅಂತ ಇವರು ಕೇಳಿದರು. ನೀವು ಲಕ್ಷಣವಾಗಿದ್ದೀರಿ ಅಂದರು, ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಕ್ಕು ಕೈ ಮುಗಿದರು. ಹೂವಿನವಳು ಖುಷಿಯಾಗಿ ಒಂದು ಮೊಳ ಕನಕಾಂಬರ ಕೊಟ್ಟು ದುಡ್ಡು ಬೇಡ ಅಂದಳು.

ಗೆಳತಿ ನನ್ನ ಕಿವಿಯ ಹತ್ತಿರ ಬಂದು, "ಎಲ್ಲಾನೂ ಇಸ್ತ್ರಿ ಮಾಡಿ ಕೊಡ್ತಿದೀಯಲ್ಲೇ," ಅಂದಳು.

"ಮನೆಗೆ ಬಂದೋರಿಗೆ ಮುದ್ದೆಯಾಗಿರೋ ಬಟ್ಟೆ ಕೊಡಕ್ಕಾಗುತ್ತಾ?" ಅಂದೆ. ಇಬ್ಬರೂ ನಕ್ಕೆವು. ಆಗ ಅದು ನಗುವ ವಿಷಯವೇ ಆಗಿತ್ತು.

ಅವರ ಪ್ರಶ್ನೆಗೆ ಸಿಕ್ಕ ಉತ್ತರಗಳನ್ನು ನೆನೆಸಿಕೊಂಡರೆ ಈಗಲೂ ಬೆರಗಾಗುತ್ತದೆ. ಎಲ್ಲರಿಗೂ ಅವರ ದೇಶದ ವಿಷಯ ಗೊತ್ತಿತ್ತು, ಎಲ್ಲರೂ ಫೋನಿನಲ್ಲಿ ಏನಾದರೊಂದು ವಿಡಿಯೋ ನೋಡಿದ್ದರು, ಎಲ್ಲರಿಗೂ ಸಿಟ್ಟಿತ್ತು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ನಿಂತಿದ್ದ ಸಾಬರು ಬುಟ್ಟಿಯೊಳಗಿನ ಹಳದಿ ಗೂಡನ್ನೂ ಬಿಳಿ ಗೂಡನ್ನೂ ಎತ್ತಿ ತೋರಿಸಿದರು. "ನಮ್ದುಕೇ ಮಾರ್ಕೆಟ್ಟಲ್ಲೂ ಬಿಳೀದಕ್ಕೇ ರೇಟ್ ಜಾಸ್ತಿ ಮೇಡಂ. ಆದ್ರೆ ಇದು ಹುಳ. ಅದು ಮನುಷ್ಯ ಅಲ್ವಾ? ಮನುಷ್ಯಂಗೂ ಹಂಗೇ ಮಾಡಿದ್ರೆ ಹೆಂಗೆ?" ಅಂದರು. ಚಿಂತಾಮಣಿಯ ಮಂಡಿಯಲ್ಲಿ ಟೊಮ್ಯಾಟೊ ಕ್ರೇಟಿನ ಮೇಲೆ ಕೂತಿದ್ದ ವ್ಯಾಪಾರಿ ತೆಲುಗನ್ನೂ ಕನ್ನಡವನ್ನೂ ಕಲಸಿ ಬೈದರು. "ಸಿಗ್ಗು ಲೇದಾ, ನಾಚಿಕೆ ಇಲ್ವಾ ಆ ಜನಕ್ಕೆ? ಬಣ್ಣ ನೋಡಿ ಆರಿಸಕ್ಕೆ ಮನುಷ್ಯ ಏನು ಟೊಮ್ಯಾಟೋನಾ?" ಇವರು ಅದನ್ನೆಲ್ಲ ಬರೆದುಕೊಂಡು, ತಮ್ಮ ಊರಿನಲ್ಲಿ ಯಾರೂ ತಮ್ಮ ಪರವಾಗಿ ಇಷ್ಟು ಚೆನ್ನಾಗಿ ಬೈದಿಲ್ಲ ಅಂದರು.

ಮೂರನೆಯ ದಿನ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಗೆ ಹೋದೆವು. ಫ್ಯಾಕ್ಟರಿಯ ಪಾಳಿ ಬಿಟ್ಟ ಹೊತ್ತು, ಟೀ ಅಂಗಡಿಯ ಮುಂದೆ ಹೆಂಗಸರು ಬಸ್ಸಿಗೆ ಕಾಯುತ್ತಿದ್ದರು. ಒಬ್ಬಳು, ಇಪ್ಪತ್ತೈದಿರಬಹುದು, ಐಡಿ ಕಾರ್ಡನ್ನು ಬೆರಳಿಗೆ ಸುತ್ತುತ್ತಾ ನಿಧಾನವಾಗಿ ಹೇಳಿದಳು. "ಅಲ್ಲಿ ಬಣ್ಣ ನೋಡಿ ಗೊತ್ತುಮಾಡ್ಕೊತಾರೆ. ಇಲ್ಲಿ ನಮ್ಮನ್ನ ನೋಡಿದ್ರೆ ಗೊತ್ತಾಗಲ್ಲ ಮೇಡಂ, ಅದಕ್ಕೆ ಯಾರ ಪೈಕಿ ಅಂತ ಕೇಳ್ತಾರೆ. ಹೇಳಿದ್ಮೇಲೆ ರೂಮು ಖಾಲಿ ಇಲ್ಲ ಅಂತಾರೆ. ನಾನು ಐದು ಮನೆ ನೋಡಿ ಬಂದೆ."

ಇಲ್ಲೂ ಬಾಡಿಗೆ ಮನೆ ಸಿಗುವುದು ಕಷ್ಟವಂತೆ, ಅಂತ ನಾನು ಅನುವಾದಿಸಿದೆ. ನನ್ನ ಮಾತು ಮುಗಿಯುವ ಮುಂಚೆ ಗೆಳತಿ ರೆಕಾರ್ಡರ್ ಹಿಡಿದ ಕೈ ಇಳಿಸಿ, ಆ ಹುಡುಗಿ ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಕಡೆ ನೋಡಲಿಲ್ಲ. ಅತಿಥಿ ನಮ್ಮಿಬ್ಬರನ್ನೂ ನೋಡಿದರು. ಜಾತಿಯ ವಿಷಯ ಪುಸ್ತಕದಲ್ಲಿ ಓದಿಕೊಂಡೇ ಬಂದಿದ್ದರು, ದಡ್ಡರೇನಲ್ಲ. ವಾಪಸ್ ಬರುವಾಗ ಕಾರಿನಲ್ಲಿ, ನಾಳೆ ಯಾವುದಾದರೂ ರೈತರ ಮನೆಗೆ ಹೋಗಿ ಅವರ ಜೊತೆ ಕೂತು ಉಣ್ಣಬೇಕು, ಅಲ್ಲೂ ಇದನ್ನೇ ಕೇಳಬೇಕು, ಅಂದರು. ನಂತರ ನನ್ನ ಕಡೆ ತಿರುಗಿ, ನಿಮ್ಮ ಮನೆಗೇ ಹೋಗಬಹುದಾ ಅಂದರು. ಬೇಡ ಅನ್ನಲು ಬರದ ನನ್ನ ಬಾಯಿ ಆಯಿತು ಅಂದಿತು.

ಮನೆ ತಲುಪಿದವಳು ಚಪ್ಪಲಿಯನ್ನೂ ಬಿಡದೆ ಅತ್ತಿಗೆಗೆ ಫೋನ್ ಮಾಡಿದೆ. ಹಳ್ಳಿಯಲ್ಲಿ ಅಮ್ಮ, ಅಣ್ಣ, ಅತ್ತಿಗೆ ಇರುತ್ತಾರೆ. ಅಣ್ಣ ಬೇಸಾಯದ ಜೊತೆ ಡೇರಿಯ ಲೆಕ್ಕವನ್ನೂ ನೋಡುತ್ತಾನೆ, ಮನೆ ನಡೆಸುವುದು ಅತ್ತಿಗೆ. ಹೊರದೇಶದವರು ಬರುತ್ತಾರೆ ಅಂದೆ, ಸಂಭ್ರಮಪಟ್ಟರು. ಗೆಳತಿಯೂ ಬರುತ್ತಾಳೆ ಅಂದೆ. ಅವಳ ವಿಷಯ ಅವರಿಗೆ ಗೊತ್ತು. ದನಿ ತಗ್ಗಿಸಿ, "ತಟ್ಟೆ ಯಾವ್ದು ಇಡಣ?" ಅಂತ ಕೇಳಿದರು.

ಅದೊಂದೇ ಪ್ರಶ್ನೆ. ಅದರ ಹಿಂದೆ ಏನಿದೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಅಪ್ಪನ ಕಾಲದಲ್ಲಿ ಆಳುಗಳಿಗೆ ಅಂತ ಕೊಟ್ಟಿಗೆಯ ಗೋಡೆ ಗೂಡಿನಲ್ಲಿ ಅಲ್ಯುಮಿನಿಯಂ ತಟ್ಟೆಗಳಿದ್ದವು, ಉಂಡವರೇ ತೊಳೆದು ಅಲ್ಲೇ ಇಡಬೇಕಿತ್ತು. ಈಗ ಅವೆಲ್ಲ ಇಲ್ಲ. ಅಡಿಕೆ ಹಾಳೆಯ ತಟ್ಟೆಗಳ ಕಟ್ಟು ಅಟ್ಟದ ಮೇಲಿರುತ್ತದೆ. ಒಳಗಿನ ಸ್ಟೀಲ್ ತಟ್ಟೆ ಯಾರಿಗೆ ಕೊಡಲು ಮನಸ್ಸಿಲ್ಲವೋ ಅಂಥವರು ಬಂದರೆ ಅದನ್ನು ಇಳಿಸುತ್ತಾರೆ. ಉಂಡಾದ ಮೇಲೆ ತಿಪ್ಪೆಗೆ ಹೋಗುತ್ತದೆ. ತೊಳೆಯುವ ಮಾತೂ ಇಲ್ಲ, ಯಾರಿಗೂ ನೋವಾಗುವ ಮಾತೂ ಇಲ್ಲ. ಕಾಲ ಬದಲಾಗಿದೆ ಅಂತ ನಮ್ಮ ಮನೆಯಲ್ಲಿ ಹೇಳಿಕೊಳ್ಳುವುದು ಇದನ್ನು ನೋಡಿಯೇ.

"ಎಲ್ರಿಗೂ ಹಾಳೆ ತಟ್ಟೆನೇ ಇಟ್ಬಿಡಿ ಅತ್ತಿಗೆ," ಅಂದೆ. "ಅವ್ರಿಗೂ, ನಂಗೂ, ಅಣ್ಣಂಗೂ. ಎಲ್ಲಾ ಒಂದೇ ಥರ ಇರ್ಲಿ."

"ಹೂಂ ಕಣಮ್ಮ, ಅದೇ ವಾಸಿ," ಅಂದರು. ಅವರ ದನಿಯಲ್ಲಿ ಭಾರ ಇಳಿದದ್ದು ಗೊತ್ತಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಫೋನ್ ಇಟ್ಟಾಗ ನನಗೆ ಹೆಮ್ಮೆಯಾಗಿತ್ತು. ಅತ್ತಿಗೆಯ ಮನಸ್ಸೂ ಕೆಡಲಿಲ್ಲ, ಗೆಳತಿಯ ಮನಸ್ಸೂ ಕೆಡುವುದಿಲ್ಲ, ನಾನೆಂಥ ಜಾಣೆ ಅಂದುಕೊಂಡೆ.

ಮಾರನೆಯ ದಿನ ಮನೆಯ ಮುಂದೆ ದೊಡ್ಡ ರಂಗೋಲಿ ಇತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರಿಗೂ ಸಾಲಾಗಿ ಹಾಳೆ ತಟ್ಟೆ, ಪೇಪರ್ ಲೋಟ ಇಟ್ಟಿದ್ದರು. ಹಿತಕಿದ ಅವರೆಬೇಳೆ ಸಾರಿನ ಘಮ ಬೀದಿಯವರೆಗೂ ಬರುತ್ತಿತ್ತು. ಗೆಳತಿ ನನ್ನ ಪಕ್ಕದಲ್ಲೇ ಕೂತಳು. ಅವಳು ಕೂತಲ್ಲಿಂದ ಅಡುಗೆಮನೆಯ ಬಾಗಿಲು ನೇರಕ್ಕೆ ಕಾಣುತ್ತಿತ್ತು. ಬಾಗಿಲ ಆಚೆ ಗೋಡೆಗೆ ಹೊಡೆದ ತಟ್ಟೆ ಸ್ಟ್ಯಾಂಡು, ಅದರ ತುಂಬ ಫಳಫಳ ಹೊಳೆಯುವ ಸ್ಟೀಲ್ ತಟ್ಟೆಗಳು. ಅದನ್ನು ಮರೆಮಾಡಬೇಕು ಅನ್ನುವುದು ನನ್ನ ಜಾಣತನಕ್ಕೆ ಹೊಳೆದಿರಲಿಲ್ಲ. ಅವಳು ಸ್ಟ್ಯಾಂಡನ್ನು ನೋಡಿದಳು, ಮುಂದಿದ್ದ ತಟ್ಟೆಯನ್ನು ನೋಡಿದಳು.

ಅಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಬಂದು ಕೂತವರೇ, "ಇವತ್ತು ಯಾಕೆ ಹಾಳೆ ತಟ್ಟೆ? ನಂಗೆ ನನ್ ತಟ್ಟೆ ಕೊಡೇ, ಇದ್ರಲ್ಲಿ ಮುದ್ದೆ ಮುರಿಯಕ್ಕಾಗಲ್ಲ," ಅಂದರು.

"ತೊಳೆಯೋಳು ಬಂದಿಲ್ಲ ಅತ್ತೆ, ಸುಮ್ನೆ ಉಣ್ಣಿ," ಅಂದರು ಅತ್ತಿಗೆ.

ಏನು ಮಾತಾಡುತ್ತಿದ್ದಾರೆ ಅಂತ ಅತಿಥಿ ಕೇಳಿದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅಂತಿದ್ದಾರೆ, ಅಂದೆ. ಗೆಳತಿಯ ಮಡಿಲಲ್ಲಿ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಊಟದ ನಡುವೆ ಅವರು ಅಮ್ಮನಿಗೂ ಅದೇ ಪ್ರಶ್ನೆ ಕೇಳಿದರು. ನಾನು ಹೇಳಿದ್ದನ್ನು ಕೇಳುತ್ತಾ ಅಮ್ಮನ ಕಣ್ಣು ತುಂಬಿತು. ಎಡಗೈಯಿಂದ ಅವರ ತಲೆ ಸವರಿ, "ಚರ್ಮ ನೋಡಿ ದೂರ ಇಡ್ತಾರಂತಾ? ಹೆತ್ತೋರ ಹೊಟ್ಟೆ ಎಷ್ಟು ಉರಿಯಲ್ಲ. ಅವ್ರ ಮನೆ ಹಾಳಾಗ," ಅಂದರು. ನಾಟಕವಲ್ಲ, ನಿಜವಾಗಿ ಅಳುತ್ತಿದ್ದರು. ನಮ್ಮಮ್ಮ ಕೆಟ್ಟವರಲ್ಲ. ಈ ಮಾತನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ, ಹೇಳಿಕೊಂಡ ಪ್ರತಿ ಸಲವೂ ಇನ್ನಷ್ಟು ಕಸಿವಿಸಿಯಾಗುತ್ತದೆ. ಇಲ್ಲಿ, ನಿಮ್ಮಲ್ಲಿ ಅಂಥದ್ದೇನಾದರೂ ಇದೆಯಾ ಅಂತ ಅವರು ಮೆಲ್ಲಗೆ ಕೇಳಿದರು. "ನಮ್ಮಲ್ಲಿ ಎಲ್ಲಿದೆಯಮ್ಮ? ಅದೆಲ್ಲ ಹಳೇ ಕಾಲ್ದಲ್ಲಿ. ನೋಡು, ಎಲ್ಲಾ ಒಟ್ಟಿಗೇ ಕೂತು ಒಂದೇ ಥರ ತಟ್ಟೇಲಿ ಉಣ್ತಿದೀವಲ್ಲ," ಅಂದರು ಅಮ್ಮ. ಆ ಒಂದು ಮಾತನ್ನು ಮಾತ್ರ ನಾನು ಇಸ್ತ್ರಿ ಮಾಡದೆ, ಇದ್ದ ಹಾಗೇ ಅನುವಾದಿಸಿದೆ.

ಗೆಳತಿ ಉಂಡು ಮುಗಿಸಿದಳು. ಯಾರನ್ನೂ ಕೇಳದೆ ತನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದು ತಿಪ್ಪೆಗೆ ಹಾಕಿದಳು. ಪೇಪರ್ ಲೋಟದ ನೀರು ಕುಡಿಯಲಿಲ್ಲ. ತನ್ನ ಬ್ಯಾಗಿನಿಂದ ಬಾಟಲಿ ತೆಗೆದು ಕುಡಿದಳು. ಅತಿಥಿಗಾದರೋ ಆ ತಟ್ಟೆ ಬಹಳ ಹಿಡಿಸಿತ್ತು. ಪ್ಲಾಸ್ಟಿಕ್ ಇಲ್ಲ, ಮಣ್ಣಿನಲ್ಲಿ ಮಣ್ಣಾಗುತ್ತದೆ, ಎಲ್ಲರಿಗೂ ಒಂದೇ ಅಂತ ಹೊಗಳಿ, ಹೊಸದೊಂದನ್ನು ಕೇಳಿ ಪಡೆದು, ಊರಿಗೆ ಒಯ್ಯಲು ಸೀರೆಯ ನಡುವೆ ಇಟ್ಟುಕೊಂಡರು. ಆ ಸೀರೆ ಅತ್ತಿಗೆ ಉಡಿ ತುಂಬಿ ಕೊಟ್ಟದ್ದು. ಗೆಳತಿಗೆ ಬಾಳೆಹಣ್ಣು ಕೊಟ್ಟಿದ್ದರು.

ಅವರು ಹೋದ ಮೇಲೆ ಕಾಲೇಜು ಎಂದಿನಂತೆ ನಡೆಯಿತು. ಗೆಳತಿ ಸಿಟ್ಟಾಗಲಿಲ್ಲ, ಮಾತು ಬಿಡಲಿಲ್ಲ. ಕುರ್ಚಿಯೂ ಅಲ್ಲೇ ಇತ್ತು. ಮಧ್ಯಾಹ್ನ ಮಾತ್ರ ಅವಳು ಡಬ್ಬಿ ತರುವುದನ್ನು ಬಿಟ್ಟು ಕ್ಯಾಂಟೀನಿಗೆ ಹೋಗತೊಡಗಿದಳು. ಬೆಳಿಗ್ಗೆ ಅಡುಗೆ ಮಾಡಲು ಪುರಸೊತ್ತಿಲ್ಲ ಅಂದಳು. ಮೊದಲ ವಾರ ನಂಬಿದೆ. ನಂತರ ನಂಬಿದಂತೆ ಇದ್ದೆ. ನನ್ನ ಡಬ್ಬಿಯನ್ನು ಒಬ್ಬಳೇ ತೆಗೆದು, ಅರ್ಧ ಉಂಡು, ಸ್ಟಾಫ್ ರೂಮಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಯಾಕೆ ಮೇಡಂ, ಏನು ಹುಡುಕ್ತಿದೀರಾ ಅಂತ ಜವಾನ ಎರಡು ಸಲ ಕೇಳಿದ. ಪಾಠ ಮಾಡುವಾಗ ಒಂದೇ ಪುಟವನ್ನು ಎರಡು ಸಲ ಓದಿಬಿಡುತ್ತಿದ್ದೆ. ಕೇಳಿಬಿಡೋಣ ಅಂತ ಅವಳ ಕಡೆ ತಿರುಗುತ್ತಿದ್ದೆ, ತಿರುಗಿ ಚಾಕ್‌ಪೀಸ್ ಇದೆಯಾ ಅನ್ನುತ್ತಿದ್ದೆ.

ಹೋದ ತಿಂಗಳು ಅತಿಥಿಯಿಂದ ಇಬ್ಬರಿಗೂ ಮೇಲ್ ಬಂತು. ಅಧ್ಯಯನ ಪುಸ್ತಕವಾಗುತ್ತಿದೆ, ನಿಮ್ಮ ಊರುಗಳ ಮೇಲೆ ಒಂದು ಅಧ್ಯಾಯ ಬರೆದಿದ್ದೇನೆ, ಓದಿ ನೋಡಿ ಅಂತ ಕಳಿಸಿದ್ದರು. ಸಾಬರ ಗೂಡು, ವ್ಯಾಪಾರಿಯ ಟೊಮ್ಯಾಟೊ, ಕುಡುಮಲಕುಂಟೆಯ ಹುಡುಗಿಯ ಐದು ಮನೆ ಎಲ್ಲ ಇದ್ದವು. ಕೊನೆಯಲ್ಲಿ ನಮ್ಮ ಮನೆ. ಅಳುವ ತಾಯಿಯ ಬಗ್ಗೆ ಎರಡು ಪುಟ. ಭೇದ ಎಲ್ಲೆಲ್ಲೂ ಇದೆ ಅಂತ ಓದಿಕೊಂಡು ಬಂದಿದ್ದೆ, ಬೆಟ್ಟದ ಕೆಳಗಿನ ಒಂದು ರೈತರ ಮನೆ ನನ್ನನ್ನು ತಿದ್ದಿತು, ಯಜಮಾನ, ಅತಿಥಿ, ಒಂದು ಕಾಲದ ಜೀತದಾಳಿನ ಮೊಮ್ಮಗಳು ಎಲ್ಲರೂ ಒಂದೇ ಥರದ ಹಾಳೆ ತಟ್ಟೆಯಲ್ಲಿ ಉಂಡರು, ಅಂತ ಬರೆದಿದ್ದರು. ಪಕ್ಕದಲ್ಲಿ ತಟ್ಟೆಯ ಫೋಟೋ. ಅನುವಾದ ಸರಿಯಿದೆ, ನಡೆದದ್ದು ಹೀಗೇ ಅಂತ ನಾವಿಬ್ಬರೂ ಸಹಿ ಮಾಡಿ ಕಳಿಸಬೇಕಿತ್ತು.

ಆ ದೇಶದ ಜನ ಇದನ್ನು ಓದುತ್ತಾರೆ. ನೋಡಿ, ಅಲ್ಲಿ ಹೀಗಿದೆ, ನಮ್ಮಲ್ಲೇಕಿಲ್ಲ ಅಂತ ನಮ್ಮ ಪಡಸಾಲೆಯನ್ನು ತೋರಿಸುತ್ತಾರೆ. ಅವಳು ತನ್ನ ಕೈಯಾರೆ ಅದರ ಕೆಳಗೆ ಸಹಿ ಹಾಕಬೇಕು.

ಸ್ಟಾಫ್ ರೂಮಿನಲ್ಲಿ ಪ್ರಿಂಟ್ ತೆಗೆದಿಟ್ಟುಕೊಂಡು ಅವಳು ಕೂತಿದ್ದಳು. "ಚೆನ್ನಾಗಿ ಬರ್ದಿದಾರೆ. ತಟ್ಟೆ ಫೋಟೋನೂ ಹಾಕಿದಾರೆ," ಅಂದಳು.

"ನೀನು ಸೈನ್ ಮಾಡಿದ್ಯಾ?" ಅಂದೆ.

"ನೀನು ಮೊದ್ಲು ಮಾಡು. ಬಾಯಿ ನಿಂದು, ಮನೆ ನಿಂದು. ಆಮೇಲೆ ನಾನು ನೋಡ್ತೀನಿ." ಅಷ್ಟು ಹೇಳಿ ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದಳು.

ಎರಡು ವಾರ ಒದ್ದಾಡಿದೆ. ಅತ್ತಿಗೆಗೆ ಗೊತ್ತಾದರೆ, ಅಣ್ಣನಿಗೆ ಗೊತ್ತಾದರೆ, ಅಮ್ಮನ ಅಳುವನ್ನೂ ಜನ ಸುಳ್ಳು ಅಂದುಕೊಂಡರೆ ಅಂತ ನೂರೆಂಟು ಯೋಚನೆ. ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ. ಹೋದ ಭಾನುವಾರ ನಾಲ್ಕನೆಯ ಸಲ ಬರೆದದ್ದನ್ನು ಫೋನಿನಲ್ಲೇ ಇಟ್ಟುಕೊಂಡು ಗೆಳತಿಯ ಮನೆಗೆ ಹೋದೆ.

ಬಾಗಿಲು ತೆರೆದವರು ಅವಳ ತಾಯಿ. ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. "ಎಷ್ಟ್ ದಿನ ಆಯ್ತಮ್ಮ ಮುಖ ತೋರ್ಸಿ. ಕೂತ್ಕೊ, ಮುದ್ದೆ ಆಗ್ತೈತೆ," ಅಂದು ಒಳಗೆ ಹೋದರು. ಬೇಡ ಅನ್ನುವ ಮುಂಚೆ ಸ್ಟೀಲ್ ತಟ್ಟೆ ಮುಂದೆ ಬಂತು. ಅಂಚಿನಲ್ಲಿ ಒಂದು ಕಡೆ ಸೊಟ್ಟಗಾಗಿರುವ ತಟ್ಟೆ. ಎಂಟು ವರ್ಷದಿಂದ ನನಗೆ ಅದನ್ನೇ ಇಡುತ್ತಾರೆ. ಗೆಳತಿ ಎದುರಿಗೆ ಕೂತಳು. ಉಂಡೆವು. ತಾಯಿ ಒಳಗೆ ಹೋದ ಮೇಲೆ ನಾನು ಎಡಗೈಯಿಂದ ಫೋನ್ ತೆಗೆದು ಅವಳ ಮುಂದಿಟ್ಟೆ.

ಹಾಳೆ ತಟ್ಟೆಯ ಕಾರಣ ಬೇರೆ ಇತ್ತು, ನನ್ನ ಗೆಳತಿಗೆ ಮನೆಯ ತಟ್ಟೆ ಕೊಡಲು ನಮ್ಮ ಮನೆಯವರಿಗೆ ಇಷ್ಟವಿರಲಿಲ್ಲ, ಅವರು ಹಳೆಯ ಕಾಲದವರು, ಇದನ್ನು ನಾನು ಅಂದೇ ಹೇಳಬೇಕಿತ್ತು, ಕ್ಷಮಿಸಿ, ಅಂತ ಬರೆದಿದ್ದೆ.

ಅವಳು ಎರಡು ಸಲ ಓದಿದಳು. "ಮನೆಯವರು ಅಂದ್ರೆ ಯಾರು?" ಅಂದಳು.

"ಅತ್ತಿಗೆ."

"ನಿಮ್ಮತ್ತಿಗೆ ಆಗಿದ್ರೆ ನಂಗೊಬ್ಳಿಗೇ ಹಾಳೆ ತಟ್ಟೆ ಇಡ್ತಿದ್ರು. ಅದು ನಂಗೆ ಗೊತ್ತಿರೋದೇ, ಅಲ್ಲೇ ಎದ್ದು ಬರ್ತಿದ್ದೆ. ಎಲ್ರಿಗೂ ಇಟ್ಟು, ಯಾರ ಕಣ್ಣಿಗೂ ಕಾಣ್ದಂಗೆ ಮಾಡೋದು ಓದಿದೋರ ಬುದ್ಧಿ." ಫೋನನ್ನು ನನ್ನ ಕಡೆ ತಳ್ಳಿದಳು. "ಹೇಳಿದ್ದು ನೀನೇ ಅಲ್ವಾ?"

"ಹೂಂ," ಅಂದೆ. ಅಷ್ಟು ತಿಂಗಳಲ್ಲಿ ನಾನು ಅವಳಿಗೆ ಹೇಳಿದ ಮೊದಲ ನಿಜ ಅದೇ.

"ಹಂಗೇ ಬರಿ."

ಎಂಜಲು ಕೈ ಒಣಗಿ ಬಿಗಿಯುತ್ತಿತ್ತು. ಎಡಗೈಯ ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಮನೆಯವರು ಅನ್ನುವುದನ್ನು ಅಳಿಸಿ, ನಾನು ಹಿಂದಿನ ದಿನ ಫೋನ್ ಮಾಡಿ ಹೀಗೆ ಮಾಡಿಸಿದೆ, ಅಂತ ಹಾಕಿದೆ. ಹಳೆಯ ಕಾಲದವರು ಅನ್ನುವುದನ್ನೂ ಅಳಿಸಿದೆ. ನಮ್ಮಮ್ಮ ತಟ್ಟೆ ಯಾಕೆ ಹೀಗೆ ಅಂತ ಕೇಳಿದ್ದು, ಅದನ್ನು ನಾನು ಬೇರೆಯೇನೋ ಅಂತ ಹೇಳಿದ್ದು, ಬಸ್‌ಸ್ಟ್ಯಾಂಡಿನ ಹೂವಿನವಳು ನಿಜವಾಗಿ ಅಂದದ್ದು, ಎಲ್ಲ ಬರೆದೆ. ಅವಳಿಗೆ ತೋರಿಸಿ ಕಳಿಸಿದೆ. ಅವಳು ಒಳ್ಳೆಯದು ಮಾಡಿದೆ ಅಂತಲೂ ಅನ್ನಲಿಲ್ಲ, ಹೋಗಲಿ ಬಿಡು ಅಂತಲೂ ಅನ್ನಲಿಲ್ಲ. ಯಾವುದಾದರೂ ಒಂದನ್ನು ಅನ್ನಲಿ ಅಂತ ನಾನು ಕಾದೆ.

ಆಮೇಲೆ ಕೂರಲಾಗದೆ ಎದ್ದೆ. ತಟ್ಟೆ ಎತ್ತಿಕೊಂಡು ಅಡುಗೆಮನೆಯ ಸಿಂಕಿನ ಹತ್ತಿರ ಹೋದೆ. ಅವಳ ತಾಯಿ ಓಡಿಬಂದು ಕೈ ಹಿಡಿದರು. "ಅಯ್ಯೋ, ನೀನ್ಯಾಕೆ ತೊಳೀತೀಯ? ಇಡು ಅಲ್ಲಿ. ನಮ್ಮನೇಲಿ ಉಂಡೋರ ಕೈಲಿ ತಟ್ಟೆ ತೊಳ್ಸಲ್ಲ ನಾವು."

ಬಾಗಿಲ ಹತ್ತಿರದಿಂದ ಗೆಳತಿ, "ತೊಳೀಲಿ ಬಿಡಮ್ಮ," ಅಂದಳು.

ತಾಯಿ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ಕೈ ಬಿಟ್ಟು ಪಕ್ಕಕ್ಕೆ ಸರಿದರು. ನಾನು ತೊಳೆದೆ. ತೊಳೆದು ಸ್ಟ್ಯಾಂಡಿನಲ್ಲಿಡಲು ಹೋದರೆ ಗೆಳತಿ ತಟ್ಟೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಸೊಟ್ಟಗಿದ್ದ ಅಂಚಿನ ಮೇಲೆ ಬೆರಳಾಡಿಸಿದಳು.

"ಇಲ್ಲಿ ಇನ್ನೂ ಹಿಟ್ಟು ಅಂಟಿದೆ ನೋಡು," ಅಂದಳು. "ಇನ್ನೊಂದ್ಸಲ ತೊಳಿ."

ನಾನು ಮತ್ತೆ ನಲ್ಲಿ ತಿರುಗಿಸಿದೆ.